ಓಟಿಗೆ ಹೋದವರ ಬೀಗ

ಅಡುಗೆಮನೆಯ ನೆಲದ ಮೇಲೆ ಕುಳಿತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದೆ. ಶ್ರಾವಣ ಸೋಮವಾರ, ಒಪ್ಪತ್ತಿನ ಊಟ. ಸಂಜೆಯ ಅಡುಗೆಗೆ ಇನ್ನೂ ಹೊತ್ತಿತ್ತು. ಆಗ ಕುರ್ಲಾದಲ್ಲಿರುವ ಅಕ್ಕನ ಫೋನ್ ಬಂತು. ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ಮುಂಬೈಯ ಜೋಗೇಶ್ವರಿಯ ನಮ್ಮ ಹಳೆಯ ಓಣಿಯಲ್ಲಿ ಎದುರಿನ ಖೋಲಿಯಲ್ಲಿದ್ದವಳು. ವಿಜಯಪುರ ಕಡೆಯವಳು, ಕಟ್ಟಡದ ಕೆಲಸದಲ್ಲಿ ಸಿಮೆಂಟಿನ ಬುಟ್ಟಿ ಹೊರುವವಳು.

"ತಂಗೀ, ಇವತ್ತ ಕಡೀ ಸುನಾವಣಿ ಇತ್ತು," ಎಂದಳು. ಕಚೇರಿಯ ವಿಚಾರಣೆಗೆ ನಾವೆಲ್ಲ ಮರಾಠಿಯ ಆ ಮಾತನ್ನೇ ಆಡುತ್ತಿದ್ದೆವು. "ನಮ್ದು ಆಗಲಿಲ್ಲವ್ವಾ. ನಿಮ್ಮ ಬಿಲ್ಡಿಂಗಿನಾಗ ನಮಗ ಮನಿ ಇಲ್ಲಂತ."

"ಯಾರು ಹೇಳಿದ್ರು?"

"ಸಾಹೇಬ್ರ ಹೇಳಿದ್ರು. ಇನ್ನ ಬರಬ್ಯಾಡ್ರಿ ಅಂದ್ರು. ಚಲೋನ ಆತು ಬಿಡು, ಕೆಲಸಾ ಬಿಟ್ಟು ಓಡ್ಯಾಡೂದು ತಪ್ಪಿತು."

ಹೀಗೆಂದು ಅವಳು ನಕ್ಕಳು. ನನಗೆ ನಗು ಬರಲಿಲ್ಲ.

ಓಣಿ ಒಡೆದು, ಅದೇ ಜಾಗದಲ್ಲಿ ಸರ್ಕಾರದ ಯೋಜನೆಯಲ್ಲಿ ಕಟ್ಟಿದ ಈ ಬಿಲ್ಡಿಂಗಿಗೆ ನಾವು ಬಂದಾಗಿನಿಂದ ನನಗಿದ್ದದ್ದು ಇದೊಂದೇ ಆಸೆ. ಅಕ್ಕನಿಗೂ ಇಲ್ಲಿ ಒಂದು ಮನೆ ಸಿಗಬೇಕು. ನಮ್ಮ ಮಹಡಿಯಲ್ಲೇ ಸಿಗಲಿ ಎಂದು ನಾನು ದೇವರನ್ನು ಪೀಡಿಸಿದವಳಲ್ಲ. ಬೇರೆ ವಿಂಗ್ ಆದರೂ ನಡೆಯುತ್ತಿತ್ತು. ಲಿಫ್ಟಿನಲ್ಲಿ ಇಳಿದು ಹೋಗಿ ಬಾಗಿಲು ತಟ್ಟುವಷ್ಟು ಹತ್ತಿರವಿದ್ದರೆ ಸಾಕಿತ್ತು.

ನಮ್ಮ ಓಣಿ ಸಣ್ಣ ಸಣ್ಣ ವರ್ಕ್‌ಶಾಪುಗಳ ಹಿಂದೆ ಇತ್ತು. ನಮ್ಮ ಹೊಸ್ತಿಲಲ್ಲಿ ನಿಂತು ಕೈ ಚಾಚಿದರೆ ಅಕ್ಕನ ಬಾಗಿಲು ಸಿಗುತ್ತಿತ್ತು. ಅವಳು ತನ್ನ ಒಲೆಯ ಮುಂದೆ ರೊಟ್ಟಿ ಬಡಿಯುತ್ತಲೇ ನನ್ನ ಸಾರಿನ ವಾಸನೆ ಹಿಡಿದು, "ಒಗ್ಗರಣಿ ಸೀದಿತು ನೋಡ" ಎಂದು ಕೂಗುತ್ತಿದ್ದಳು. ಓಣಿಯ ಹೆಚ್ಚಿನ ಮನೆಗಳು ಅವಳ ಕಡೆಯವರವೇ. ಧಾರವಾಡದ ಕಡೆಯಿಂದ ಬಂದವರು ನಾವೊಬ್ಬರೇ. ನಮ್ಮ ಯಜಮಾನರು ವರ್ಕ್‌ಶಾಪಿನಲ್ಲಿ ಮಷೀನ್ ನಡೆಸುತ್ತಿದ್ದರು. ಊರಿನ ಮನೆ ಮಾರಿದ ಮೇಲೆ ನಮ್ಮ ಓಟನ್ನೂ ಇಲ್ಲಿಗೇ ತಂದುಕೊಂಡಿದ್ದೆವು. ಉಳಿದವರು ಹಾಗೆ ಮಾಡಿರಲಿಲ್ಲ. ದುಡಿಮೆ ಮುಂಬೈಯಲ್ಲಿ, ಓಟು ಊರಲ್ಲಿ.

ಅವರ ಕಡೆ ಗ್ರಾಮ ಪಂಚಾಯಿತಿ ಚುನಾವಣೆ ಬಂತೆಂದರೆ ಓಣಿಯ ಬಾಯಿಗೆ ಬಸ್ಸು ಬಂದು ನಿಲ್ಲುತ್ತಿತ್ತು. ಚುನಾವಣೆಗೆ ನಿಂತವರೇ ಕಳಿಸುವ ಬಸ್ಸು. ಸಣ್ಣ ಊರು, ನಾಲ್ಕು ಓಟು ಆ ಕಡೆಯಾದರೆ ಗೆದ್ದವನು ಸೋಲುತ್ತಾನೆ. ಹೀಗಾಗಿ ವಾರದ ಮೊದಲಿನಿಂದಲೇ ಫೋನುಗಳು ಬರುತ್ತಿದ್ದವು. ಇಲ್ಲಿ ಕೂಲಿ ಮಾಡಿಸುವ ಮುಕಾದಮನ ಬಾಯಲ್ಲಿ 'ಏ ಬಾಯಿ' ಆಗಿದ್ದವಳು ಆ ಫೋನಿನಲ್ಲಿ 'ಅಕ್ಕಾರ' ಆಗುತ್ತಿದ್ದಳು.

ಆ ಸಲ, ಹೊಸ ಬಿಲ್ಡಿಂಗಿಗಾಗಿ ಓಣಿಯಲ್ಲಿ ಯಾರ್ಯಾರು ಇದ್ದಾರೆಂದು ಬರೆದುಕೊಳ್ಳಲು ಸರ್ವೆಯವರು ಬರುವ ಸುದ್ದಿ ಇತ್ತು. ನಾನು ಸುಮ್ಮನೆ ಕೆಣಕಿದೆ. "ಒಂದ್ ಬಟನ್ ಒತ್ತಾಕ ಅಷ್ಟು ದೂರ ಹೊಂಟೀಯಲ್ಲ, ಸರ್ವೇದವ್ರು ಬಂದ್ರ?"

"ಸರ್ವೇ ಬರ್ತದ ಬರ್ತದ ಅಂತ ನನ್ನ ಕೂದ್ಲಾ ಬೆಳ್ಳಗಾತು," ಎಂದಳು ಅಕ್ಕ. "ಮತ್ತ ನಮ್ಮೂರಾಗ ಬಟನ್ ಎಲ್ಲೀದವಾ? ಚೀಟಿ ಮ್ಯಾಲ ಶಿಕ್ಕಾ ಹೊಡೀತೀವಿ. ನಿಂಗೇನ್ ಗೊತ್ತು, ಊರ ಬಿಟ್ಟಾಕಿ."

ಅವಳ ಗಂಡ ಬಸ್ಸಿನ ಮೆಟ್ಟಿಲ ಮೇಲಿಂದ ಹೇಳಿದ, "ತಂಗೀಗೂ ಒಂದ್ ಸೀಟ್ ಹಿಡೀರಿ. ಓಟ್ ಇಲ್ಲಂದ್ರೂ ಊಟ ಅದ."

ನನಗೂ ನಗು ಬಂತು. ಹೊರಡುವ ಮುನ್ನ ಅಕ್ಕ ಕೀಲಿಕೈಯನ್ನು ನನ್ನ ಕೈಯಲ್ಲಿಟ್ಟಳು. ಊರಿಗೆ ಹೋಗುವವರು ಎದುರು ಮನೆಯವರಿಗೆ ಕೀಲಿಕೈ ಕೊಟ್ಟು ಹೋಗುವುದು ನಮ್ಮಲ್ಲಿ ರೂಢಿ. ಅವಳ ಮನೆಯಲ್ಲಿ ಯಲ್ಲಮ್ಮ ತಾಯಿಯ ಮೂರ್ತಿ ಇತ್ತು. ಮಂಗಳವಾರ, ಶುಕ್ರವಾರ ಆ ತಾಯಿಯ ಮುಂದೆ ಕತ್ತಲೆ ಇರಬಾರದು. ಮನೆಯವರು ಇಲ್ಲದಾಗ ದೀಪ ಹಚ್ಚುವುದು ನನ್ನ ಪಾಲಿನ ಸೇವೆ.

ಬಸ್ಸು ಹೋದ ಮೇಲೆ ಓಣಿ ಎಷ್ಟು ಸುಮ್ಮನಾಯಿತೆಂದರೆ, ಯಾರದೋ ಮನೆಯೊಳಗೆ ಗೋಡೆ ಗಡಿಯಾರ ಟಿಕ್ ಟಿಕ್ ಎನ್ನುವುದು ಬೀಗ ಹಾಕಿದ ಬಾಗಿಲಿನಾಚೆಯಿಂದ ಕೇಳುತ್ತಿತ್ತು. ನಲ್ಲಿಗೆ ಸಾಲೇ ಇರಲಿಲ್ಲ. ಅವತ್ತು ಬೇಕಾದಷ್ಟು ನೀರು ತುಂಬಿಕೊಂಡೆ. ಅಷ್ಟು ನೀರು ಸಿಕ್ಕಿದ್ದಕ್ಕೆ ವಿಠ್ಠಲನಿಗೆ ಕೈಮುಗಿದೆನೇ ಹೊರತು ಮನಸ್ಸಿಗೆ ಹಿತವೆನಿಸಲಿಲ್ಲ. ಕೊಡ ಎತ್ತಿ ಕೊಡಲು ಪಕ್ಕದಲ್ಲಿ ಒಬ್ಬರೂ ಇರಲಿಲ್ಲ.

ಮಂಗಳವಾರ ಬೆಳಿಗ್ಗೆ ಅಕ್ಕನ ಮನೆ ತೆಗೆದು, ನೆಲ ಒರೆಸಿ, ತಾಯಿಗೆ ಕುಂಕುಮವಿಟ್ಟು ದೀಪ ಹಚ್ಚಿದ್ದೆ. ಹೊರಗೆ ಕಾಲ ಸಪ್ಪಳವಾಯಿತು. ಸರ್ವೆಯವರು. ಕೊರಳಲ್ಲಿ ಕಾರ್ಡು, ಕೈಯಲ್ಲಿ ಮಷೀನು, ಒಬ್ಬನ ಬಳಿ ಬಣ್ಣದ ಡಬ್ಬಿ. ಬೀಗ ಇದ್ದ ಮನೆಗಳ ಬಾಗಿಲಿಗೆ ಅವನು ಕೆಂಪು ಗುರುತು ಎಳೆಯುತ್ತ ಬಂದ. ಅವರ ಮುಂದಾಳು ಕನ್ನಡಕ ಹಾಕಿದ ಒಬ್ಬ ಹುಡುಗಿ, ನನ್ನ ಮಗಳ ವಯಸ್ಸಿನವಳು.

"ಮಾವ್ಶಿ, ಘರ್ ತುಮ್ಹಾರಾ ಹೈ?" ಎಂದು ಕೇಳಿದಳು. ಚಿಕ್ಕಮ್ಮಾ, ನಿಮ್ಮದೇ ಮನೆಯಾ ಎಂದು.

ಸುಳ್ಳು ಹೇಳಬಹುದಿತ್ತು. ತಾಯಿಯ ಮುಂದೆ ನಿಂತು ಅದು ನಾಲಿಗೆಗೆ ಬರುವ ಮಾತಾಗಿರಲಿಲ್ಲ. ಎದುರಿನದು ನನ್ನ ಮನೆ, ಇದು ಅಕ್ಕನದು, ಊರಿಗೆ ಹೋಗಿದ್ದಾರೆ, ನಾಡಿದ್ದು ಬರುತ್ತಾರೆ ಎಂದೆ. ಒಲೆ ತೋರಿಸಿದೆ, ಹಾಸಿಗೆಯ ಸುರುಳಿ ತೋರಿಸಿದೆ, ಮೊಳೆಗೆ ಸಿಕ್ಕಿಸಿದ್ದ ಸೀರೆ, ಹಿಟ್ಟಿನ ಡಬ್ಬಿ, ಎಲ್ಲ ತೋರಿಸಿದೆ. "ನೋಡಮ್ಮಾ, ದೇವರ ಮುಂದೆ ದೀಪ ಕೂಡ ಉರಿಯುತ್ತಿದೆ" ಎಂದು ನನಗೆ ಬರುವ ಹಿಂದಿಯಲ್ಲಿ ಹೇಳಿದೆ.

ಅವಳು ದೀಪ ನೋಡಿದಳು. ಚಪ್ಪಲಿ ಹೊರಗೇ ಬಿಟ್ಟು ಒಳಗೆ ಬಂದಿದ್ದಳು, ಅದನ್ನು ಇವತ್ತಿಗೂ ನೆನೆಯುತ್ತೇನೆ. "ದೀಪ ಹಚ್ಚಿದ್ದು ನೀವಲ್ಲವಾ, ಮಾವ್ಶಿ?" ಎಂದಳು ಮೆಲ್ಲಗೆ. "ಮನೆಯವರೇ ಇರಬೇಕು. ಅವರ ಹೆಬ್ಬೆರಳು ಈ ಮಷೀನಿನ ಮೇಲೆ ಬೀಳಬೇಕು."

ಅಕ್ಕನಿಗೆ ಫೋನ್ ಹಚ್ಚಿದೆ. ಆ ಕಡೆ ಹಲಗೆ ಬಡಿಯುವ ಸದ್ದು, ಜನರ ಗದ್ದಲ. "ಹಲೋ, ಯಾರು? ಜೋರಾಗಿ ಹೇಳ" ಎಂದು ಅವಳು ಕೂಗುತ್ತಿದ್ದುದು ಹುಡುಗಿಗೂ ಕೇಳಿಸಿತು. ಫೋನಿನಲ್ಲಿ ಮಾತಾಡಿದರೆ ನಡೆಯುವುದಿಲ್ಲ, ಆಮೇಲೆ ಕಚೇರಿಗೆ ಬಂದು ಹೇಳಲಿ ಎಂದಳು. ಬಣ್ಣದವನು ಅಕ್ಕನ ಬಾಗಿಲಿಗೂ ಗೆರೆ ಎಳೆದ. ಬಾಗಿಲು ತೆರೆದೇ ಇತ್ತು. ಬೀಗದ ಮನೆ ಎಂದು ಬರೆದುಕೊಂಡು ಹೋದರು.

ಊರಿನಿಂದ ಬಂದವಳೇ ಅಕ್ಕ ಮರುದಿನ ಒಳ್ಳೆಯ ಸೀರೆ ಉಟ್ಟು ಕಚೇರಿಗೆ ಹೊರಟಳು. ನನ್ನನ್ನೂ ಕರೆದುಕೊಂಡು ಹೋದಳು. ಅವಳಿಗೆ ಹೆದರಿಕೆ ಇರಲಿಲ್ಲ. ಕಳ್ಳತನಕ್ಕೆ ಹೋಗಿದ್ದೆನೇ, ಓಟು ಹಾಕಲು ಹೋಗಿದ್ದೆ ಎನ್ನುವ ಧೈರ್ಯ. ಸರ್ವೆಯ ದಿನ ಎಲ್ಲಿದ್ದಿರಿ ಎಂದು ಮೇಜಿನ ಆಚೆಯ ಸಾಹೇಬರು ಕೇಳಿದಾಗ ಎಡಗೈ ಬೆರಳು ಎತ್ತಿ ಮಸಿ ತೋರಿಸಿದಳು. ಉಗುರಿನ ಬುಡದಲ್ಲಿ ಆ ಕಪ್ಪು ಇನ್ನೂ ಹಸಿಯಾಗಿಯೇ ಇದ್ದಂತಿತ್ತು.

"ವೋಟ್ ಡಾಲನೇ ಗಯೇ ಥೇ, ಸಾಬ್," ಎಂದಳು, ಬಹುಮಾನ ತೋರಿಸುವವಳ ಹಾಗೆ.

ಸಾಹೇಬರು ಬೆರಳನ್ನು ಸ್ವಲ್ಪ ಹೊತ್ತು ನೋಡಿದರು. ಬೈಯಲಿಲ್ಲ. "ನಿಮ್ಮ ಓಟು ಅಲ್ಲಿದೆ ಎಂದರೆ ನೀವು ಅಲ್ಲಿಯವರು. ಅಲ್ಲಿಯವರಿಗೆ ಇಲ್ಲಿ ಮನೆ ಹೇಗೆ ಕೊಡುವುದು, ಬಾಯಿ?" ಎಂದು ಮರಾಠಿಯಲ್ಲಿ ಕೇಳಿದರು. ಅಕ್ಕನಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಆಮೇಲೆ ಆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತು ಕೇಳಿದಳು. "ಅಲ್ಲೇ ತಂಗೀ, ಊರಾಗ ಮುಂಬೈದಾಕಿ ಅಂತಾರ. ಇಲ್ಲಿ ಊರಾಕಿ ಅಂತಾರ. ನಾ ಎಲ್ಲೀದಾಕಿ?"

ಕಬ್ಬಿನ ಹಾಲು ಕೊಡಿಸಿದೆ, ಇಬ್ಬರೂ ಕುಡಿದೆವು.

ಆಮೇಲಿನದು ನಮ್ಮ ಓಣಿಯ ಎಲ್ಲರಿಗೂ ಗೊತ್ತು. ಮಷೀನಿನ ಮೇಲೆ ಬೆರಳು ಬಿದ್ದವರು ಹೊಸ ಮನೆಗೆ ಪಾತ್ರರು, ಬೀಳದವರು ಅಪಾತ್ರರು. ಓಣಿ ಒಡೆದಾಗ ನಮ್ಮನ್ನು ಮಲಾಡ್‌ನ ತಾತ್ಕಾಲಿಕ ಖೋಲಿಗಳಿಗೆ ಹಾಕಿದರು. ಅಕ್ಕ ಗಂಡನ ಜೊತೆ ಕುರ್ಲಾದಲ್ಲಿ ಬಾಡಿಗೆ ಹಿಡಿದಳು. ಅಲ್ಲಿಂದ ಕಚೇರಿಗೆ ಬರಲು ದಾದರ್‌ನಲ್ಲಿ ಲೋಕಲ್ ಬದಲಿಸಬೇಕು. ಬಂದಳು, ಮತ್ತೆ ಮತ್ತೆ ಬಂದಳು. ಒಮ್ಮೆ ಸಾಹೇಬರಿಲ್ಲ, ಒಮ್ಮೆ ಬೇರೆ ಸಾಹೇಬರು, ಒಮ್ಮೆ ಮುಂದಿನ ತಾರೀಖು. ಊರಲ್ಲಿ ಅವಳ ಓಟು ಬಿದ್ದವನು ಗೆದ್ದ. ಮುಂಬೈಯ ಮನೆಯ ವಿಷಯದಲ್ಲಿ ಅವನೇನು ಮಾಡಿಯಾನು? ಫೋನಿನಲ್ಲಿ ಅಕ್ಕಾರ ಎನ್ನುತ್ತಾನೆ, ಅಷ್ಟೆ. ಇಲ್ಲಿಯ ಕಾರ್ಪೊರೇಟರ್ ಕಡೆಯ ಹುಡುಗರು ಅವಳ ಮಾತು ಕೇಳುವ ಮೊದಲೇ ಓಟು ಎಲ್ಲಿದೆ ಎಂದು ಕೇಳುತ್ತಿದ್ದರು.

ಈ ಬಿಲ್ಡಿಂಗಿನ ಸುಖವನ್ನು ನಾನು ಅಲ್ಲಗಳೆಯಬಾರದು, ದೇವರು ಮೆಚ್ಚುವುದಿಲ್ಲ. ಒಳಗೇ ಪಾಯಖಾನೆ ಇದೆ. ಬೆಳಗಿನ ಜಾವ ಡಬ್ಬಿ ಹಿಡಿದು ಸಾಲಿನಲ್ಲಿ ನಿಂತವಳಿಗೆ ಅದರ ಬೆಲೆ ಗೊತ್ತು. ಮಳೆಗೆ ಹಾಸಿಗೆ ನೆನೆಯುವುದಿಲ್ಲ. ಕಿಟಕಿಯಲ್ಲಿ ಒಂದು ತುಳಸಿ ಇಟ್ಟಿದ್ದೇನೆ, ಮಧ್ಯಾಹ್ನ ಅದಕ್ಕೊಂದಿಷ್ಟು ಬಿಸಿಲು ಬೀಳುತ್ತದೆ. ಆದರೆ ಬಾಗಿಲುಗಳು ಮುಚ್ಚಿರುತ್ತವೆ. ಮೊದಮೊದಲು ನಾನು ಹಳೆಯ ರೂಢಿಯಂತೆ ಬಾಗಿಲು ತೆರೆದಿಟ್ಟು ಹೊಸ್ತಿಲಲ್ಲಿ ಕುಳಿತು ಅಕ್ಕಿ ಆರಿಸುತ್ತಿದ್ದೆ. ಬಿಲ್ಡಿಂಗಿನ ಸೊಸೈಟಿಯವರು ನಮ್ಮವರಿಗೆ ಹೇಳಿ ಕಳಿಸಿದರು, ಇದು ಓಣಿಯ ಚಾಳ್ ಅಲ್ಲ ಎಂದು. ಮಗಳು ಮದುವೆಯಾಗಿ ಪುಣೆಗೆ ಹೋದಳು, ನಮ್ಮವರು ರಾತ್ರಿ ಬರುತ್ತಾರೆ. ದಿನವಿಡೀ ನನ್ನ ಕನ್ನಡ ಕೇಳುವುದು ವಿಠ್ಠಲನೊಬ್ಬನೇ.

ಫೋನಿನಲ್ಲಿ ಅಕ್ಕ ಇನ್ನೂ ಮಾತಾಡುತ್ತಿದ್ದಳು. ಅವಳ ಗಂಡನಿಗೆ ಪನ್ವೇಲ್ ಆಚೆ ದೊಡ್ಡ ಸೈಟಿನಲ್ಲಿ ಕೆಲಸ ಸಿಕ್ಕಿದೆಯಂತೆ. ಅಲ್ಲೇ ತಗಡಿನ ಖೋಲಿ ಕೊಡುತ್ತಾರಂತೆ. ಸುನಾವಣಿಗಾಗಿಯೇ ಇಷ್ಟು ದಿನ ಕುರ್ಲಾ ಬಿಟ್ಟಿರಲಿಲ್ಲ.

"ಬರೂ ಐತವಾರ ಹೊಂಟೀವಿ," ಎಂದಳು. "ನೀ ಒಬ್ಬಾಕೀನ ಇರ್ತೀ, ಹೊತ್ತಿಗೆ ಸರಿಯಾಗಿ ಉಣ್ಣ. ಉಪಾಸ ಉಪಾಸ ಅಂತ ಸೊರಗಬ್ಯಾಡ."

"ನಿನ್ನ ಮನಿ ಹೋತು, ನನಗ ಬುದ್ಧಿ ಹೇಳ್ತೀಯಲ್ಲ."

"ಮನಿ ಹೋಗಲಿ. ನಿನ್ನ ಮಗ್ಗಲಕ ಇರೂಣಂತ ಭಾಳ ಇತ್ತು."

ಆ ಕಡೆ ಸ್ಟೇಷನ್ನಿನ ಅನೌನ್ಸ್‌ಮೆಂಟ್ ಕೇಳುತ್ತಿತ್ತು. "ಗಾಡಿ ಬಂತು" ಎಂದು ಇಟ್ಟುಬಿಟ್ಟಳು.

ಐತವಾರ ಕುರ್ಲಾಕ್ಕೆ ಹೋಗಿ ಅವಳ ಸಾಮಾನು ಕಟ್ಟಿಸಿ ಬರಬೇಕು, ನಮ್ಮವರು ಬಿಟ್ಟರೂ ಸರಿ ಬಿಡದಿದ್ದರೂ ಸರಿ ಎಂದುಕೊಂಡೆ. ಅವಳ ಬೆನ್ನಿಗೆ ಇನ್ನೂ ದುಡಿಯುವ ಶಕ್ತಿ ಇದೆ, ಗಂಡ ಕುಡಿಯುವವನಲ್ಲ, ಇರಲು ತಗಡಿನದಾದರೂ ಒಂದು ಸೂರು ಸಿಕ್ಕಿದೆ. ಇಷ್ಟಕ್ಕಾದರೂ ಕೈಮುಗಿಯೋಣವೆಂದು ಎದ್ದೆ. ಕೈ ಮುಗಿದೆ. ಬಾಯಿಗೆ ಮಾತು ಬರಲಿಲ್ಲ.

ಕಿಟಕಿಯ ಹೊರಗೆ ಮೋಡ ಕಪ್ಪಾಗುತ್ತಿತ್ತು. ಗ್ರಿಲ್ಲಿನ ಮೇಲೆ ಹಾಕಿದ್ದ ಬಟ್ಟೆಗಳನ್ನು ಒಳಗೆ ಎಳೆದುಕೊಂಡು, ನಮ್ಮವರ ಅಂಗಿಯ ಕಾಲರ್ ಜಗ್ಗಿ ಸರಿಮಾಡಿ ಮಡಚತೊಡಗಿದೆ.