ಸ್ಟಾಂಪ್ ಬೀಳುವ ತನಕ

ಕುವೈತಿನಲ್ಲಿ ದಕ್ಷಿಣ ಎಂದರೆ ಹೆಚ್ಚೆಂದರೆ ಒಂದೂವರೆ ಗಂಟೆಯ ದಾರಿ. ಅದರಾಚೆ ಸೌದಿ. ಆದರೂ ಆ ಡಿಸೆಂಬರಿನಲ್ಲಿ ನಾವು ಎರಡು ಮನೆಯವರು ಕಾಶಿಯಾತ್ರೆಗೆ ಹೊರಟವರ ಹಾಗೆ ಗಂಟುಮೂಟೆ ಕಟ್ಟಿದ್ದೆವು. ನನ್ನ ಗಂಡ ಶುವೈಖಿನ ಒಂದು ಗ್ಯಾರೇಜಿನಲ್ಲಿ ಸೂಪರ್‌ವೈಸರ್. ಅವರಿಗೆ ವೀಸಾ ಕೊಟ್ಟ ಒಡೆಯನಾದ ಕಫೀಲ್‌ನ ಹಳೆಯ ಕ್ಯಾರವಾನ್ ರಿಪೇರಿಗೆ ಬಂದಿತ್ತು. ಒಳಗೇ ಒಲೆ, ಮಲಗಲು ಹಲಗೆ, ಬಚ್ಚಲು ಎಲ್ಲ ಇರುವ ದೊಡ್ಡ ವ್ಯಾನು. ರಿಪೇರಿಯಾದ ಮೇಲೆ ಆ ಪುಣ್ಯಾತ್ಮ, ಶಾಲೆಗೆ ರಜೆ ಇದೆಯಲ್ಲ, ಮಕ್ಕಳನ್ನು ಕರೆದುಕೊಂಡು ಸುತ್ತಾಡಿ ಬಾ ಎಂದು ಕೀಲಿಕೈ ಕೊಟ್ಟ.

ನಾವು ಎಂದರೆ ನಾನು, ನನ್ನ ಗಂಡ, ಮಗಳು. ಮತ್ತೆ ಅಬ್ಬಾಸಿಯಾದ ನಮ್ಮ ಎದುರು ಫ್ಲ್ಯಾಟಿನ ಗಂಡ, ಹೆಂಡತಿ, ಅವರ ಪುಟ್ಟ ಮಗಳು. ಅವರು ಮಂಗಳೂರಿನ ಕ್ರಿಶ್ಚಿಯನ್ನರು, ಮನೆಮಾತು ಕೊಂಕಣಿ. ನಮ್ಮದು ತುಳು. ಅವಳು ಆಸ್ಪತ್ರೆಯಲ್ಲಿ ನರ್ಸ್. ಡ್ಯೂಟಿಗೆ ಹೋಗುವಾಗ ಮಗುವನ್ನು ನನ್ನ ಸೊಂಟಕ್ಕೆ ದಾಟಿಸಿ ಹೋಗುತ್ತಿದ್ದಳು. ಆ ಮಗು ಮೊದಲು ಹೆಜ್ಜೆ ಇಟ್ಟದ್ದು ನನ್ನ ಅಡುಗೆಮನೆಯಲ್ಲಿ. ಅವಳ ಕ್ರಿಸ್ಮಸ್ಸಿನ ಕುಸ್ವಾರ್ ತಿಂಡಿಗಳಿಗೆ ನೆವ್ರಿ ಮಡಚುತ್ತಿದ್ದದ್ದು ನಾನು, ನನ್ನ ಚೌತಿಗೆ ಕಡುಬಿನ ಎಲೆ ಕಟ್ಟುತ್ತಿದ್ದದ್ದು ಅವಳು. ಎರಡು ಬಾಗಿಲುಗಳ ನಡುವೆ ಚಪ್ಪಲಿ ಹಾಕಿಕೊಂಡು ಓಡಾಡಿದ ನೆನಪೇ ನನಗಿಲ್ಲ.

ಆ ಚಳಿಗಾಲದಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಒಂದೇ ವಿಷಯ. ಖೈತಾನಿನ ಒಂದು ಕಟ್ಟಡದಲ್ಲಿ ಒಂದೇ ಮಹಡಿಯ ಎರಡು ಫ್ಲ್ಯಾಟುಗಳು ಖಾಲಿಯಾಗುವುದಿತ್ತು. ಒಳ್ಳೆಯ ಗಾಳಿ, ಮಕ್ಕಳ ಶಾಲೆಗೂ ಹತ್ತಿರ. ಎರಡೂ ಮನೆಯವರು ಒಟ್ಟಿಗೆ ಅಲ್ಲಿಗೆ ಹೋಗುವುದೆಂದು ಮಾತಾಗಿತ್ತು. ಅವಳು ನನ್ನೊಡನೆ ಬಂದು ಫ್ಲ್ಯಾಟು ನೋಡಿದ್ದಳು, ಕಿಟಕಿಯ ಅಳತೆ ಹಿಡಿದಿದ್ದಳು. ನಾನು ನಮ್ಮ ಕಟ್ಟಡ ನೋಡಿಕೊಳ್ಳುವ ಹಾರಿಸ್‌ನನ್ನು ಕರೆದು, ಜನವರಿ ಕೊನೆಗೆ ಬಿಡುತ್ತೇವೆ ಎಂದು ಹೇಳಿಯೂ ಬಿಟ್ಟೆ. "ಇಷ್ಟು ಅವಸರ ಎಂತದ್ದು? ಮತ್ತೆ ಹೇಳಿದ್ರೆ ಸಾಲ್ದಾ?" ಎಂದು ಇವರು ಗೊಣಗಿದರು. ನಿಮ್ಮನ್ನು ನಂಬಿ ಕೂತರೆ ಮನೆ ಸಿಕ್ಕಿದ ಹಾಗೇ ಎಂದು ನಾನೇ ಜೋರು ಮಾಡಿದೆ.

ಹೊರಟದ್ದು ಖುಷಿಯಲ್ಲೇ. ಜುಲೈಯಾ ಎಂಬ ಊರಿನ ಕಡಲ ಬದಿಯಲ್ಲಿ ನಿಲ್ಲಿಸಿ ನೀರುದೋಸೆ ಮಾಡಿದೆ. ಗಾಳಿಗೆ ಒಲೆ ಆರದಂತೆ ಗಂಡಸರಿಬ್ಬರೂ ಬೆಡ್‌ಶೀಟ್ ಹಿಡಿದು ನಿಂತಿದ್ದರು. ಮರಳಿನಲ್ಲಿ ಅರಬ್ಬಿಗಳ ಡೇರೆಗಳು, ಅವರ ಜನರೇಟರುಗಳ ಸದ್ದು. ಮಕ್ಕಳು ಇಬ್ಬರೂ ಕ್ಯಾರವಾನಿನ ಮೇಲಿನ ಹಲಗೆ ಹತ್ತಿ, ಇಳಿಯುವುದೇ ಇಲ್ಲ ಎಂದು ಇಂಗ್ಲಿಷಿನಲ್ಲಿ ಹಟ ಹಿಡಿದಿದ್ದರು. ಇಷ್ಟು ಸುಖವಾಗಿ ನಾನು ಕುವೈತಿನಲ್ಲಿ ಯಾವತ್ತೂ ನಕ್ಕಿರಲಿಲ್ಲ.

ಖೈರಾನಿಗೆ ಬರುವಾಗ ಅವರ ಪುಟ್ಟಿ ವಾಂತಿ ಮಾಡಿಕೊಂಡಳು. ಮೈ ಕಾದಿತ್ತು. ತಾಯಿ ಔಷಧಿ ಕೊಟ್ಟಳು, ಹಣೆಗೆ ಶಿಲುಬೆಯ ಗುರುತು ಹಾಕಿದಳು, ಆಮೇಲೆ ನನ್ನ ಕಡೆ ತಿರುಗಿ, "ಅಕ್ಕ, ಒಮ್ಮೆ ದೃಷ್ಟಿ ತೆಗೀರಿ ಆಯ್ತಾ" ಎಂದಳು. ಇದು ಹೊಸದಲ್ಲ. ಆ ಮಗುವಿಗೆ ಹುಟ್ಟಿದಾಗಿನಿಂದ ದೃಷ್ಟಿ ತೆಗೆದವಳು ನಾನೇ. ಮುಷ್ಟಿಯಲ್ಲಿ ಉಪ್ಪು, ಸಾಸಿವೆ, ಒಣಮೆಣಸು ಹಿಡಿದು ಮಗುವಿನ ಸುತ್ತ ಸುಳಿದು, ಕಾದ ಕಾವಲಿಗೆ ಹಾಕಿದೆ. ಮೆಣಸು ಕಪ್ಪಾಯಿತು, ಒಬ್ಬರಿಗೂ ಸೀನು ಬರಲಿಲ್ಲ.

"ನೋಡು, ಒಂದು ಚೂರು ಘಾಟಿಲ್ಲ. ಯಾರದ್ದೋ ಜೋರು ಕಣ್ಣೇ ಬಿದ್ದದ್ದು" ಎಂದೆ.

ಅವಳು ತಲೆ ತಗ್ಗಿಸಿದಳು. ಇವರು ಚಾ ಲೋಟ ಹಿಡಿದುಕೊಂಡು ಹೊರಗೆ ಹೋದರು. ನನಗೆ ಯಾವ ಸಂಶಯವೂ ಬರಲಿಲ್ಲ. ಮಗು ಮಲಗಿತು, ಬೆಳಿಗ್ಗೆ ಎದ್ದು ಬಿಸ್ಕೆಟು ಕೇಳಿತು.

ಮರುದಿನ ಸೌದಿ ಗಡಿಯ ನುವೈಸೀಬಿನ ಹತ್ತಿರ ನಿಲ್ಲಿಸಿದ್ದೆವು. ಅವಳ ಗಂಡನಿಗೆ ಫೋನು ಬಂತು. ಮಾತಾಡಿ ಮುಗಿಸಿದವನೇ ಕೊಂಕಣಿಯಲ್ಲಿ ಏನೋ ಕೂಗಿಕೊಂಡು ಹೆಂಡತಿಯನ್ನು ಎತ್ತಿ ಒಂದು ಸುತ್ತು ತಿರುಗಿಸಿದ. ಅವಳು ಓಡಿ ಬಂದು ನನ್ನನ್ನು ಅಪ್ಪಿಕೊಂಡಳು. ಕಣ್ಣಲ್ಲಿ ನೀರು.

"ಅಕ್ಕ, ಈಗ ಹೇಳ್ಬಹುದು ನಿಮ್ಗೆ! ನಮ್ದು ಕೆನಡಾದ್ದು ಆಯ್ತು. ಪಾಸ್‌ಪೋರ್ಟಿಗೆ ಸ್ಟಾಂಪ್ ಬಿತ್ತಂತೆ. ಫೆಬ್ರವರಿಯಲ್ಲಿ ಹೋಗುದು."

ಗಲ್ಫಿನಲ್ಲಿರುವ ನಮ್ಮವರ ಪದ್ಧತಿ ಇದು. ಹೊಸ ಕೆಲಸವಿರಲಿ, ಬೇರೆ ದೇಶವಿರಲಿ, ಸ್ಟಾಂಪ್ ಬೀಳುವ ತನಕ ಬಾಯಿ ಬಿಡಬಾರದು. ಬಿಟ್ಟರೆ ಕಣ್ಣು ಬಿದ್ದು ಆಗುವುದೂ ಆಗುವುದಿಲ್ಲ. ನನಗೂ ಗೊತ್ತು, ನಾನೂ ಪಾಲಿಸಿದವಳೇ. ಕೆಲವು ವರ್ಷಗಳ ಹಿಂದೆ ನಾವೂ ಕೆನಡಾಕ್ಕೆ ಅರ್ಜಿ ಹಾಕಿದ್ದೆವು. ಯಾರಿಗೂ ಹೇಳಿರಲಿಲ್ಲ, ಅವಳೊಬ್ಬಳನ್ನು ಬಿಟ್ಟು. ಅದು ರಿಜೆಕ್ಟ್ ಆದ ದಿನ ಅತ್ತದ್ದೂ ಅವಳ ಹೆಗಲ ಮೇಲೆ.

"ಖೈತಾನ್?" ಎಂದೆ.

"ಬರುದಿಲ್ಲ ಹೇಳಿದ್ರೆ ನಿಮ್ಗೆ ಡೌಟ್ ಬರ್ತಿತ್ತಲ್ಲ ಅಕ್ಕ. ನಿಮ್ದು ಒಮ್ಮೆ ರಿಜೆಕ್ಟ್ ಆದದ್ದು ಬೇರೆ..." ಅರ್ಧಕ್ಕೇ ನಿಲ್ಲಿಸಿದಳು.

ಅಂದರೆ ಆ ಜೋರು ಕಣ್ಣು ನನ್ನದು. ಕಾವಲಿಯ ಮೇಲೆ ಮೆಣಸು ಸುಡುತ್ತಿದ್ದಾಗ ಅವಳು ತಲೆ ತಗ್ಗಿಸಿದ್ದು ಅದಕ್ಕೆ. ನೆಚ್ಚಿದ ಎಮ್ಮೆ ಕೋಣ ಈಯಿತು ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ಆ ಮಾತು ಎಷ್ಟು ಉರಿಯುತ್ತದೆ ಎಂದು ತಿಳಿದದ್ದು ಆ ಕಡಲ ಬದಿಯಲ್ಲಿ. ಒಳ್ಳೆಯದಾಗಲಿ ಎಂದೆ. ಮಗುವಿನ ತಲೆ ಸವರಲು ಹೋದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ.

ವಾಪಸು ಬರುವಾಗ ನಾನು ಮುಂದಿನ ಸೀಟಿನಲ್ಲಿ ಇವರ ಪಕ್ಕ ಕೂತೆ. ಹಿಂದೆ ಅವರು, ಮಕ್ಕಳು. ದಾರಿಯುದ್ದಕ್ಕೂ ಸಣ್ಣ ದನಿಯಲ್ಲಿ ಸಿಟ್ಟು ಕಾರಿಕೊಂಡೆ. ಆ ಮಗುವಿಗೆ ಅಷ್ಟು ಉಣಿಸಿ ಉಡಿಸಿ ಬೆಳೆಸಿದ್ದಕ್ಕೆ ಇದಾ? ಈಗ ಹಾರಿಸ್ ನಮ್ಮ ಫ್ಲ್ಯಾಟನ್ನು ಬೇರೆಯವರಿಗೆ ಕೊಡುತ್ತೇನೆಂದು ಮಾತು ಕೊಟ್ಟಾಗಿದೆ, ಖೈತಾನಿಗೆ ಒಬ್ಬರೇ ಹೋಗಿ ಯಾರ ಮುಖ ನೋಡುವುದು? ಇವರು ಸ್ಟೀರಿಂಗ್ ಹಿಡಿದು ಎಲ್ಲದಕ್ಕೂ ಹೌದು ಎಂದರು. "ತಪ್ಪು ಅವ್ರದ್ದೇ. ನಿನ್ಗಾದ್ರೂ ಹೇಳ್ಬೇಕಿತ್ತು" ಎಂದರು. ಒಬ್ಬರಾದರೂ ನನ್ನ ಪಾಲಿಗಿದ್ದಾರಲ್ಲ ಎಂದು ಎದೆ ಹಗುರಾಯಿತು.

ಅಬ್ಬಾಸಿಯಾದಲ್ಲಿ ಸಾಮಾನು ಇಳಿಸುವಾಗ ಅವಳು ನನ್ನ ಹಿಂದೆಯೇ ಮೆಟ್ಟಿಲು ಹತ್ತಿ ಬಂದಳು. ನಾನು ತಿರುಗಿ ನೋಡಲಿಲ್ಲ. ಬಾಗಿಲಲ್ಲಿ ಕೈ ಹಿಡಿದು ನಿಲ್ಲಿಸಿದಳು.

"ಕೋಪ ಮಾಡ್ಬೇಡಿ ಅಕ್ಕ. ನಾನು ಶುರುವಿಗೇ ನಿಮ್ಗೆ ಹೇಳುವ ಅಂತಲೇ ಬಂದದ್ದು. ನೀವು ಇರ್ಲಿಲ್ಲ, ಅಣ್ಣ ಇದ್ರು. ಸ್ಟಾಂಪ್ ಬೀಳುವ ತನಕ ಅವ್ಳಿಗೆ ಮಾತ್ರ ಗೊತ್ತಾಗುದು ಬೇಡ, ಅವ್ಳ ಕಣ್ಣು ಸ್ವಲ್ಪ ಜೋರು ಅಂತ ಅವ್ರೇ ಹೇಳಿದ್ದು."

ಅವಳ ಮೇಲಿನ ಕೋಪ ಆ ಕ್ಷಣವೇ ಇಳಿದುಹೋಯಿತು. ಕೋಪಕ್ಕೆ ಈಗ ಬೇರೆ ವಿಳಾಸ ಸಿಕ್ಕಿತ್ತು.

ಇವರು ಹಾಸಿಗೆಯ ಸುರುಳಿ ಹೊತ್ತು ಏದುಸಿರು ಬಿಡುತ್ತಾ ಒಳಗೆ ಬಂದರು. ಮೂಲೆಯಲ್ಲಿ ಇಳಿಸಿ, ಸ್ವಲ್ಪ ಚಾ ಮಾಡು ಎಂದರು.

"ನನ್ನ ಕಣ್ಣು ಕೆಟ್ಟದ್ದಾ?" ಎಂದು ಕೇಳಿದೆ.

ಸುರುಳಿಯ ಹಗ್ಗ ಬಿಚ್ಚುತ್ತಿದ್ದ ಕೈ ನಿಂತಿತು. "ಹಾಗೆ ಅಲ್ಲ ಮಾರಾಯ್ತಿ..." ಎಂದರು.

ನಾನು ಕಾದೆ. ಹಾಗೆ ಅಲ್ಲ ಎಂದು ಅವರು ಇನ್ನೊಮ್ಮೆ ಹೇಳಿದರು. ಎರಡು ಸಲವೂ ನೆಲ ನೋಡಿಕೊಂಡೇ ಹೇಳಿದರು.