ಗುಡ್ಡ ಕದ್ದ ಹೊತ್ತು

ಶಾಂತಿಕುಮಾರರ ಮನೆಯ ಅಡುಗೆಮನೆ ಗೋಡೆಯನ್ನು ಮೊದಲ ಸಲ ನೋಡಿದಾಗ ನನಗೆ ಬಂದದ್ದು ಸಿಟ್ಟು. ಸುಣ್ಣ ಬಳಿದ ಗೋಡೆಯ ತುಂಬ ಇದ್ದಿಲಿನಲ್ಲಿ ಬರೆದ ಅಂಕಿಗಳು. ಇಷ್ಟು ಅಂಕಿ ಬರೆಯುವ ಹುಡುಗಿ ಶಾಲೆ ಬಿಟ್ಟು ಮನೆಯಲ್ಲಿ ಕೂತಿದ್ದಾಳಲ್ಲ ಎಂದು ಮೈ ಉರಿಯಿತು. ನಾನು ಸಿಟ್ಟಿನ ಹೆಂಗಸು, ಅದನ್ನು ಮುಚ್ಚಿಡುವುದೇನಿಲ್ಲ. ನಿಟ್ಟೂರಿನ ಹತ್ತಿರದ ಆ ಸಣ್ಣ ಊರಿನ ಶಾಲೆಯಲ್ಲಿ ಆಗ ನಾನು ಅಕ್ಕೋರಾಗಿದ್ದೆ. ಶರಾವತಿ ಅಕ್ಕೋರು ಬರುತ್ತಿದ್ದಾರೆ ಎಂದರೆ ಮಕ್ಕಳು ಹಾಗಿರಲಿ, ಮಕ್ಕಳ ಅಪ್ಪಂದಿರೂ ಬೀಡಿ ಬಿಸಾಡಿ ನೆಟ್ಟಗೆ ನಿಲ್ಲುತ್ತಿದ್ದರು.

ಶಾಂತಿಕುಮಾರರ ಮಗಳು ಪ್ರಭಾವತಿ ನನ್ನ ಕೈಯಲ್ಲೇ ಏಳನೇ ಕ್ಲಾಸು ಮುಗಿಸಿದವಳು. ಅಷ್ಟು ಚುರುಕಿನ ಮಗುವನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಲೆಕ್ಕ ಹೇಳಿಕೊಡಲು ಹೋದರೆ ಮುಖ ಸಣ್ಣದು ಮಾಡುತ್ತಿದ್ದಳು. “ನಾನೇ ನೋಡ್ತೀನಿ ಅಕ್ಕೋರೆ, ಹೇಳ್ಬೇಡಿ” ಎಂದು ಸ್ಲೇಟನ್ನು ಎದೆಗೆ ಅವುಚಿಕೊಂಡು ಮೂಲೆಗೆ ಹೋಗುವಳು. ಉತ್ತರ ಸಿಕ್ಕಿದ ಮೇಲೆಯೇ ಈಚೆ ಬರುವಳು. ಎಪ್ಪತ್ತೆಂಟರ ಜೂನ್‌ನಲ್ಲಿ ಅವಳನ್ನು ಹೊಸನಗರದ ಹೈಸ್ಕೂಲಿಗೆ ಸೇರಿಸಿದ್ದು ನಾನೇ. ದೀಪಾವಳಿ ಕಳೆಯುವಷ್ಟರಲ್ಲಿ ಬಿಟ್ಟು ಕೂತಳು ಎಂದು ಕೇಳಿದವಳು ಅವತ್ತೇ ಸಂಜೆ ಅವರ ಮನೆಗೆ ಹೋದೆ.

“ಎಂತಕ್ಕೆ ಬಿಟ್ಟೆ? ಅಲ್ಲಿ ಮೇಷ್ಟ್ರು ಹೊಡೆದ್ರಾ?”

“ಇಲ್ಲ.”

“ಪಾಠ ಹತ್ತಲಿಲ್ವಾ?”

“ಹತ್ತುತ್ತೆ.”

“ಮತ್ತೆ ಎಂತ ಮಾರಾಯ್ತಿ? ಬಾಯಿ ಬಿಡು!”

“ಅಜ್ಜಿ ಉಪವಾಸ ಮಲಗ್ತಾಳೆ ಅಕ್ಕೋರೆ” ಎಂದಳು.

ಅವರು ಹುಂಚದ ಕಡೆಯಿಂದ ಬಂದು ನೆಲೆಸಿದ ಜೈನರು. ಹೊತ್ತು ಮುಳುಗಿದ ಮೇಲೆ ಆ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಊರಿನ ಪಡುವಣಕ್ಕೆ ಎತ್ತರದ ಗುಡ್ಡ ಇದೆ. ಸೂರ್ಯ ಅದರ ಹಿಂದೆ ಇಳಿದ ಅಂದರೆ ಅಜ್ಜಿ ಜಿನಮ್ಮನವರ ಪಾಲಿಗೆ ದಿನ ಮುಗಿಯಿತು. ಪ್ರಭಾವತಿ ಬರುವ ಬಸ್ಸು ಕತ್ತಲಾದ ಮೇಲೆ ಬರುತ್ತಿತ್ತು. ಅವಳು ಎರಡನೇ ಬುತ್ತಿ ಒಯ್ದು ಬಸ್ಸಿಗೆ ಕಾಯುತ್ತಲೇ ಉಂಡು ಬರುತ್ತಿದ್ದಳು, ಅವಳ ಹೊಟ್ಟೆಗೆ ತೊಂದರೆ ಇರಲಿಲ್ಲ. ತೊಂದರೆ ಇದ್ದದ್ದು ಅಜ್ಜಿಯದು. ಪ್ರಭಾವತಿಯ ತಾಯಿ ತೀರಿಕೊಂಡಾಗ ಮಗುವಿಗೆ ಮೂರು ವರ್ಷ. ಅವತ್ತಿನಿಂದ ಮೊಮ್ಮಗಳು ಉಂಡದ್ದನ್ನು ನೋಡದೆ ಜಿನಮ್ಮನವರು ಒಂದು ತುತ್ತನ್ನೂ ಬಾಯಿಗೆ ಇಟ್ಟವರಲ್ಲ.

“ನಾನು ಬಿಡು ಅಂದಿಲ್ಲ ಅಕ್ಕೋರೆ” ಎಂದರು ಜಿನಮ್ಮ, ಕಣ್ಣೊರೆಸಿಕೊಳ್ಳುತ್ತ. “ಅದು ಬುತ್ತಿ ಉಂಡಿರ್ತದೆ ಅಂತ ಗೊತ್ತು. ಎಲೆ ಮುಂದೆ ಕೂತ್ಕೊಳ್ತೀನಿ. ತುತ್ತು ಇಳಿಯೋದಿಲ್ಲ. ನಾನೇನು ಮಾಡ್ಲಿ?”

ಸಿಟ್ಟು ಮಾಡಲು ಹೋದವಳಿಗೆ ಸಿಟ್ಟು ಮಾಡಲು ಯಾರೂ ಸಿಗಲಿಲ್ಲ. ಅದಕ್ಕೇ ಗೋಡೆಯ ಮೇಲೆ ಹರಿಹಾಯ್ದೆ. “ಇದೆಂತ ಗೋಡೆ ತುಂಬ?” ಎಂದೆ.

ಅದು ಹೊತ್ತು ಮುಳುಗುವ ಲೆಕ್ಕವಂತೆ. ಮಳೆಗಾಲದಲ್ಲಿ ಆ ಕಡೆ ವಾರಗಟ್ಟಲೆ ಸೂರ್ಯನ ಮುಖ ಕಾಣುವುದಿಲ್ಲ. ಹೊತ್ತು ಮುಳುಗಿತೋ ಇಲ್ಲವೋ ಎಂದು ಮನೆಯಲ್ಲಿ ದಿನಾ ಚರ್ಚೆ. ಅಜ್ಜಿ ಅಂಗೈಯ ಗೆರೆ ನೋಡುವರು, ಗೆರೆ ಕಂಡರೆ ಊಟ. ಕಣ್ಣು ಮಂಜಾದ ಮೇಲೆ ಮಟಮಟ ಮಧ್ಯಾಹ್ನ ಮೋಡ ಕವಿದರೂ ಗೆರೆ ಕಾಣದೆ ಊಟ ಬಿಡತೊಡಗಿದರು. ಆಗ ಈ ಹುಡುಗಿ ರೇಡಿಯೋ ವಾರ್ತೆಯ ಹೊತ್ತಿಗೆ ಗೋಡೆ ಗಡಿಯಾರ ಸರಿ ಮಾಡಿಕೊಂಡು, ಬಿಸಿಲಿರುವ ದಿನಗಳಲ್ಲಿ ಸೂರ್ಯ ಗುಡ್ಡದ ಹಿಂದೆ ಹೋಗುವ ಗಳಿಗೆಯನ್ನು ಬರೆಯುತ್ತ ಹೋದಳು. ಬೇಸಿಗೆಯ ಕೊನೆಗೆ ಸೂರ್ಯ ಯಾವ ಮರದ ಹಿಂದೆ ಇಳಿದನೋ, ಮಳೆಗಾಲದಲ್ಲಿ ತಿರುಗಿ ಬರುವಾಗಲೂ ಅದೇ ಮರದ ಹಿಂದೆ ಇಳಿಯಬೇಕು ಎಂದು ತಾನೇ ಕಂಡುಕೊಂಡಳು. ಹಾಗಾಗಿ ಮೇ ತಿಂಗಳ ಅಂಕಿಯಿಂದ ಜುಲೈ ತಿಂಗಳ ಅಂಕಿ ಹುಟ್ಟಿತು. ಮೋಡದ ನಡುವೆ ಒಂದೊಂದು ಸಂಜೆ ಸೂರ್ಯ ಇಣುಕಿದಾಗ ನೋಡಿದರೆ ಲೆಕ್ಕ ಹೆಚ್ಚುಕಡಿಮೆ ಸರಿ ಬರುತ್ತಿತ್ತು. ಅಜ್ಜಿ ಗೋಡೆ ನಂಬಿ ಉಣ್ಣತೊಡಗಿದರು. ಹೇಳಿಕೊಟ್ಟವರು ಯಾರೂ ಇಲ್ಲ.

ನಾನು ಮನೆಗೆ ಬಂದು ನಿದ್ದೆ ಬಾರದೆ ಹೊರಳಾಡಿದೆ ಎಂದೇನೂ ಬರೆಯುವುದಿಲ್ಲ, ಚೆನ್ನಾಗಿಯೇ ಮಲಗಿದೆ. ಆದರೆ ಆ ಗೋಡೆ ತಲೆಯಲ್ಲಿ ಕೂತಿತ್ತು. ಸಂಕ್ರಾಂತಿಯ ಹೊತ್ತಿಗೆ ಪೇಪರಿನಲ್ಲಿ ಒಂದು ಪ್ರಕಟಣೆ ಕಂಡಿತು. ಬೆಂಗಳೂರಿನ ಕೆಲವು ನಿವೃತ್ತ ಮೇಷ್ಟ್ರುಗಳು ಸೇರಿ ಅಂಚೆಯಲ್ಲಿ ಹೈಸ್ಕೂಲು ನಡೆಸುತ್ತಾರಂತೆ. ತಾವಾಗಿ ಕಲಿಯಬಲ್ಲ ಜಾಣ ಮಕ್ಕಳಿಗೆ ಮಾತ್ರ. ಪುಸ್ತಕ, ಪಾಠ ಎಲ್ಲ ಅಂಚೆಯಲ್ಲಿ ಬರುತ್ತವೆ, ಮಕ್ಕಳು ಮನೆಯಲ್ಲೇ ಓದಿ ಬರೆದು ಕಳಿಸಬೇಕು, ಕೊನೆಗೆ ಎಸ್ಸೆಸ್ಸೆಲ್ಸಿಗೆ ಖಾಸಗಿಯಾಗಿ ಕಟ್ಟಬೇಕು. ನಮ್ಮ ಭಾಗದ ಮಕ್ಕಳು ವರ್ಷಕ್ಕೆ ಎರಡು ಸಲ, ಹದಿನೈದು ದಿನ ಸಾಗರಕ್ಕೆ ಬಂದು ಉಳಿಯಬೇಕು. ಸೀಟು ಬಹಳ ಕಡಿಮೆ. ಅರ್ಜಿಯಲ್ಲಿ ಅಂಕ ಕೇಳಿರಲಿಲ್ಲ. ‘ಯಾರೂ ಹೇಳಿಕೊಡದೆ ನೀನು ಕಲಿತದ್ದೇನು?’ ಎಂದು ಕೇಳಿತ್ತು.

ಶಾಂತಿಕುಮಾರರು ನಕ್ಕರು. “ಅಂಚೇಲಿ ಮೇಷ್ಟ್ರು ಬರ್ತಾರಾ ಅಕ್ಕೋರೆ? ನಮ್ಮ ಪೋಸ್ಟ್‌ಮ್ಯಾನ್ ಮದುವೆ ಕಾಗದವನ್ನೇ ಮದುವೆ ಮುಗಿದ ಮೇಲೆ ತರ್ತಾನೆ.” ನಕ್ಕರೂ ರುಜು ಹಾಕಿದರು. ಪ್ರಭಾವತಿ ಮಾತ್ರ ಹದಿನೈದು ದಿನ ಎಂಬಲ್ಲಿ ಬೆರಳಿಟ್ಟು ಅಜ್ಜಿಯ ಕಡೆ ನೋಡಿದಳು. “ಅದು ಆಮೇಲಿನ ಮಾತು, ಮೊದಲು ಬರಿ” ಎಂದು ಗದರಿಸಿ ಬರೆಸಿದೆ. ಶಾಲೆ ಬಿಟ್ಟ ಮೇಲೆ ಆ ಹುಡುಗಿಗೆ ಇದ್ದದ್ದು ಇದೊಂದೇ ಬಾಗಿಲು. ಇದೂ ಹೋದರೆ ಇನ್ನೆರಡು ವರ್ಷಕ್ಕೆ ಗಂಡು ಹುಡುಕುತ್ತಾರೆ ಎಂದು ನನಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು.

ಮಾರ್ಚಿನಲ್ಲಿ ಸಾಗರಕ್ಕೆ ಬರಹೇಳಿದರು. ಅಜ್ಜಿ, ಮೊಮ್ಮಗಳು, ನಾನು ಬಸ್ಸು ಹತ್ತಿದೆವು. ಅಜ್ಜಿಯ ಮಡಿಲಲ್ಲಿ ಸಂಜೆಯ ಬುತ್ತಿ, ಅಕ್ಕಿ ರೊಟ್ಟಿ ಮತ್ತು ಕಾಯಿ ಚಟ್ನಿ. ಪರೀಕ್ಷೆ ಒಂದು ಛತ್ರದಲ್ಲಿ. ನಮ್ಮ ಸರದಿ ಬರುವಾಗ ಸಂಜೆಯಾಗಿತ್ತು. ಅಜ್ಜಿ ಜಗಲಿಯಲ್ಲಿ ಕೂತರು, ನಾನು ಕೋಣೆಯ ಬಾಗಿಲ ಪಕ್ಕದ ಬೆಂಚಿನಲ್ಲಿ. ಒಳಗೆ ಇಬ್ಬರು, ನಾರಾಯಣಮೂರ್ತಿ ಎಂಬ ಹಿರಿಯರು ಮತ್ತು ಕನ್ನಡಕದ ಒಬ್ಬ ಹೆಂಗಸು. ಪ್ರಭಾವತಿ ಗೋಡೆಯ ಅಂಕಿಗಳನ್ನು ದೊಡ್ಡ ಹಾಳೆಗೆ ಇಳಿಸಿಕೊಂಡು ಬಂದಿದ್ದಳು. ಅದನ್ನು ಹರಡಿ ಹೇಳತೊಡಗಿದಾಗ ಆ ಇಬ್ಬರೂ ಮುಂದಕ್ಕೆ ಬಾಗಿದ್ದು ನನಗೆ ಕಂಡಿತು. ಸೀಟು ಸಿಕ್ಕಿದ ಹಾಗೇ ಎಂದು ಒಳಗೊಳಗೇ ಹಿಗ್ಗಿದೆ.

ಅಷ್ಟರಲ್ಲಿ ಹುಡುಗಿ ಗೋಡೆ ಗಡಿಯಾರ ನೋಡಿ ಎದ್ದು ನಿಂತಳು.

“ಸರ್, ಹೊತ್ತು ಮುಳುಗ್ತದೆ. ಉಂಡು ಬರ್ತೀನಿ.”

“ಹತ್ತು ನಿಮಿಷ ಕೂತ್ಕೋಮ್ಮ, ಮುಗಿಸಿಬಿಡೋಣ” ಎಂದರು ನಾರಾಯಣಮೂರ್ತಿ.

“ಆಗೋದಿಲ್ಲ ಸರ್. ನಾನು ಉಣ್ಣದೆ ಅಜ್ಜಿ ಉಣ್ಣೋದಿಲ್ಲ.”

ಕನ್ನಡಕದ ಹೆಂಗಸು ಕಿಟಕಿಯ ಕಡೆ ಕೈ ತೋರಿಸಿದರು. “ಇನ್ನೂ ಬಿಸಿಲಿದೆಯಲ್ಲ?”

ಎದುರು ಮನೆಯ ಹೆಂಚಿನ ಮೇಲೆ ಹಳದಿ ಬಿಸಿಲು ಢಾಳಾಗಿ ಬಿದ್ದಿತ್ತು. ಪ್ರಭಾವತಿ ಕಿಟಕಿ ನೋಡಿದಳು, ಗಡಿಯಾರ ನೋಡಿದಳು, ತನ್ನ ಹಾಳೆ ನೋಡಿದಳು. ಮುಖ ಕೆಂಪಾಯಿತು. ಹೊರಗೆ ಓಡಿಬಿಟ್ಟಳು. ಒಳಗಿನವರು ಒಬ್ಬರನ್ನೊಬ್ಬರು ನೋಡಿಕೊಂಡರು. ಲೆಕ್ಕ ಸುಳ್ಳಾಯಿತು, ಹುಡುಗಿ ಹೇಳದೆ ಕೇಳದೆ ಎದ್ದೂ ಹೋಯಿತು, ಇನ್ನೇನು ಉಳಿಯಿತು ಎಂದು ಹಲ್ಲು ಕಚ್ಚಿಕೊಂಡು ಹಿಂದೆಯೇ ಹೋದೆ.

ಅವಳು ಜಗಲಿಯಲ್ಲಿ ಇರಲಿಲ್ಲ. ಛತ್ರದ ಪಕ್ಕದ ಖಾಲಿ ಮೈದಾನದಲ್ಲಿ ಪಡುವಣಕ್ಕೆ ಮುಖ ಮಾಡಿ ನಿಂತಿದ್ದಳು. ಅಲ್ಲಿ ಗುಡ್ಡ ಇಲ್ಲ. ದೂರದಲ್ಲಿ ಮರಗಳ ಗೆರೆ, ಅದರ ಮೇಲೆ ಇನ್ನೂ ಮೊಳದೆತ್ತರ ಸೂರ್ಯ. ಹುಟ್ಟಿದಾಗಿನಿಂದ ಗುಡ್ಡದ ಬುಡದಲ್ಲಿ ಬೆಳೆದ ಮಗು. ಸೂರ್ಯ ಗುಡ್ಡದ ಹಿಂದೆ ಹೋಗುವುದನ್ನೇ ಮುಳುಗುವುದು ಎಂದುಕೊಂಡಿತ್ತು. ಹೊಸನಗರದಲ್ಲಿ ಬಸ್ಸಿಗೆ ಕಾದ ಸಂಜೆಗಳೆಲ್ಲ ಮಳೆಮೋಡದವು. ನಿಜಕ್ಕೂ ಮುಳುಗುವುದನ್ನು ಅದು ನೋಡಿದ್ದೇ ಅವತ್ತು.

ಜಿನಮ್ಮನವರು ಜಗಲಿಯಲ್ಲಿ ಬುತ್ತಿ ಬಿಚ್ಚಿ ಕೂತಿದ್ದರು.

“ಕರೀರಿ ಅಮ್ಮ, ಇನ್ನೂ ಹೊತ್ತಿದೆ. ಇಬ್ಬರೂ ಉಣ್ಣಬಹುದು” ಎಂದೆ.

ಅವರು ಕರೆಯಲು ಬಾಯಿ ತೆರೆದರು. ಮೊಮ್ಮಗಳನ್ನು ನೋಡಿದರು. ಆ ಹುಡುಗಿ ಕಣ್ಣಿಗೆ ಕೈ ಅಡ್ಡ ಹಿಡಿದು ಮರ ನೆಟ್ಟ ಹಾಗೆ ನಿಂತಿತ್ತು, ತುಟಿ ಮಾತ್ರ ಏನೋ ಎಣಿಸುತ್ತಿತ್ತು. ಅಜ್ಜಿ ಬಾಯಿ ಮುಚ್ಚಿದರು.

“ಸುಮ್ನಿರಿ ಅಕ್ಕೋರೆ. ನೋಡ್ಲಿ.”

“ನೀವು ಉಪವಾಸ ಬೀಳ್ತೀರಲ್ಲ?”

“ಬೀಳ್ತೀನಿ, ಏನೀಗ?” ಎಂದರು. ದನಿಯಲ್ಲಿ ನನ್ನದೇ ಸಿಟ್ಟು ಇತ್ತು.

ಹೀಗೆ ನಾವಿಬ್ಬರೂ ನೋಡುತ್ತಿದ್ದಂತೆ ಸೂರ್ಯ ಕೆಂಪಾಗಿ, ಮರಗಳ ಗೆರೆಗೆ ತಾಗಿ, ಇಳಿದು ಹೋದ. ಜಿನಮ್ಮನವರು ರೊಟ್ಟಿಯ ಮೇಲೆ ಬಾಳೆಲೆ ಮಡಚಿ ಬುತ್ತಿ ಕಟ್ಟಿದರು. ಅವರ ಮುಖದಲ್ಲಿ ಹಸಿವೂ ಇತ್ತು, ಖುಷಿಯೂ ಇತ್ತು. ನನಗೆ ಅಳು ಬಂತು. ಬಂದರೆ ಬರಲಿ ಎಂದು ಅತ್ತೆ.

ಪ್ರಭಾವತಿ ನಮ್ಮನ್ನು ದಾಟಿ ಒಳಗೆ ಓಡಿದಳು. ಆ ಇಬ್ಬರೂ ಕಾಗದಪತ್ರ ಕಟ್ಟಿ ಎದ್ದಿದ್ದರು.

“ಸರ್, ನನ್ನ ಲೆಕ್ಕ ತಪ್ಪು” ಎಂದಳು ಏದುಸಿರು ಬಿಡುತ್ತ. “ಅಲ್ಲ, ತಪ್ಪಲ್ಲ, ನಮ್ಮೂರಿಗೆ ಮಾತ್ರ ಸರಿ. ಕಾಲು ಗಂಟೆಯ ಮೇಲೆ ಹೊತ್ತನ್ನ ನಮ್ಮ ಗುಡ್ಡ ಕದ್ದುಬಿಡ್ತದೆ.”

“ಹಾಗಾದ್ರೆ ಈಗೇನು ಮಾಡ್ತೀಯ?” ನಾರಾಯಣಮೂರ್ತಿ ಕಟ್ಟಿದ ಚೀಲವನ್ನು ಮತ್ತೆ ಮೇಜಿನ ಮೇಲಿಟ್ಟರು.

“ಗುಡ್ಡ ಅಳೀಬೇಕು ಸರ್. ಎಷ್ಟೆತ್ತರಕ್ಕೆ ಎಷ್ಟು ಹೊತ್ತು ಅಂತ.”

“ಗುಡ್ಡ ಹೇಗೆ ಅಳೀತೀಯ?”

“ಗೊತ್ತಿಲ್ಲ.” ಅದೇ ಹಳೆಯ ಹಟದಲ್ಲಿ ಸೇರಿಸಿದಳು, “ಹೇಳ್ಬೇಡಿ.”

ಆ ಹಿರಿಯರು ನಕ್ಕ ನಗು ರಸ್ತೆಗೆ ಕೇಳಿಸಿರಬೇಕು. “ಹೇಳೋದಿಲ್ಲಮ್ಮ. ನಿನ್ನ ಮೊದಲನೇ ಪಾಠ ಅದೇ. ಜೂನ್‌ನಲ್ಲಿ ಬರೆದು ಕಳಿಸು.” ಸೀಟು ಸಿಕ್ಕಿತು ಎಂದು ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು.

ಮುಂದಿನದು ನೇರ ದಾರಿ. ಬಿದಿರು ಕೋಲು ನೆಟ್ಟು, ನೆರಳು ಅಳೆದು ಗುಡ್ಡವನ್ನು ಲೆಕ್ಕಕ್ಕೆ ತಂದಳು. ಅಂಚೆಯಲ್ಲೇ ಎಸ್ಸೆಸ್ಸೆಲ್ಸಿ ಮುಗಿಸಿದಳು, ಸಾಗರದಲ್ಲಿ ಕಾಲೇಜು ಓದಿದಳು. ಈಗ, ಎಂಬತ್ತೊಂಬತ್ತರಲ್ಲಿ, ತಾನು ಬಿಟ್ಟ ಹೈಸ್ಕೂಲಿನಲ್ಲೇ ಗಣಿತ ಕಲಿಸುತ್ತಾಳೆ. ಮಕ್ಕಳಿಗೆ ಉತ್ತರ ಬೇಗ ಹೇಳಿಕೊಡುವುದಿಲ್ಲ ಎಂದು ಪೋಷಕರು ದೂರುತ್ತಾರಂತೆ. ಗೋಡೆಗೆ ಶಾಂತಿಕುಮಾರರು ಆಮೇಲೆ ಸುಣ್ಣ ಬಳಿಸಿಲ್ಲ.

ಆದರೆ ನನಗೆ ಎಲ್ಲಕ್ಕಿಂತ ನೆನಪಿರುವುದು ಸಾಗರದ ಆ ಛತ್ರದಲ್ಲೇ ರಾತ್ರಿ ಉಳಿದು ಎದ್ದ ಮರುದಿನದ ಬೆಳಗು. ಹಿಂದಿನ ಸಂಜೆಯೇ ಅವಳಿಗೆ ಬುತ್ತಿಯ ನೆನಪಾಗಿ ಅಜ್ಜಿಯ ಕೈ ಹಿಡಿದು ಅತ್ತಿದ್ದಳು. ರಾತ್ರಿ ಕಳೆದ ರೊಟ್ಟಿಯನ್ನು ಅವರು ತಿನ್ನುವುದಿಲ್ಲ, ಅದು ಛತ್ರದ ಹಸುವಿನ ಪಾಲಾಯಿತು. ಸೂರ್ಯ ಬಂದ ಮೇಲೆ ಜಿನಮ್ಮನವರು ಛತ್ರದ ಒಲೆಯಲ್ಲಿ ತಾವೇ ಅಕ್ಕಿ ಉಪ್ಪಿಟ್ಟು ಮಾಡಿದರು. ಪ್ರಭಾವತಿ ಬಾವಿಕಟ್ಟೆಯಲ್ಲಿ ಇನ್ನೂ ಮುಖ ತೊಳೆಯುತ್ತಿದ್ದಳು. ಅಜ್ಜಿ ಒಂದೇ ಎಲೆ ಹಾಕಿದರು, ಬಡಿಸಿಕೊಂಡರು, ಉಣ್ಣಲು ಶುರುಮಾಡಿದರು. ನಾನು ಬಿಟ್ಟ ಕಣ್ಣು ಬಿಟ್ಟ ಹಾಗೇ ನಿಂತೆ. ಮೊದಲೆರಡು ತುತ್ತು ಕಷ್ಟಪಟ್ಟು ನುಂಗಿದರು, ಮೂರನೆಯದು ಇಳಿಯಿತು.

ಪ್ರಭಾವತಿ ಬಂದು ಬಾಗಿಲಲ್ಲೇ ನಿಂತುಬಿಟ್ಟಳು. “ಅಜ್ಜಿ, ನಾನಿನ್ನೂ ಉಂಡಿಲ್ಲ.”

“ಗೊತ್ತು” ಎಂದರು ಜಿನಮ್ಮ, ತಲೆ ಎತ್ತದೆ. “ಹದಿನೈದು ದಿನ ಇಲ್ಲಿ ಇರ್ತೀಯಲ್ಲ, ಈಗಲೇ ಅಭ್ಯಾಸ ಮಾಡ್ಕೊಳ್ತಿದ್ದೀನಿ.”