ತಂಗಿಯ ಬಣ್ಣಕ್ಕೆ ಹಾಕದ ಇಂಕು

ಕಪ್ಪಗಿರುವವರ ಫೋಟೋಗೆ ಇಂಕು ಹೆಚ್ಚು ಬೇಕು. ನಾನು ಏಳನೇ ತರಗತಿಗೆ ಶಾಲೆ ಬಿಟ್ಟವಳು. ಇದನ್ನು ನನಗೆ ಯಾರೂ ಕಲಿಸಲಿಲ್ಲ, ಇಂಕಿನ ಬಾಟಲಿ ಖಾಲಿಯಾಗುವ ವೇಗವೇ ಕಲಿಸಿತು.

ಕೊಟ್ಟೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಪ್ರಿಂಟರ್ ಇಟ್ಟುಕೊಂಡು ಓಣಿಯವರಿಗೆ ಫೋಟೋ ತೆಗೆದುಕೊಡುತ್ತೇನೆ. ಮೊದಲೆಲ್ಲ ಡ್ರಾಫ್ಟ್‌ನಲ್ಲಿ, ಅಂದರೆ ಯಂತ್ರ ಇಂಕು ಕಡಿಮೆ ಬಿಡುವ ಹಾಗೆ ಇಟ್ಟು, ಬ್ರೈಟ್‌ನೆಸ್ ಏರಿಸಿ ತೆಗೆಯುತ್ತಿದ್ದೆ. ಮುಖಗಳು ಬೆಳ್ಳಗೆ ಬರುತ್ತಿದ್ದವು. ಗಿರಾಕಿಗಳಿಗೆ ಖುಷಿ, ನನಗೆ ಉಳಿತಾಯ.

ತಂಗಿಯ ಫೋಟೋವನ್ನೂ ಹಾಗೆಯೇ ತೆಗೆದೆ. ಹರಪನಹಳ್ಳಿ ಕಡೆಯ ಗಂಡಿನವರು, ಮೊಬೈಲಿನಲ್ಲಿ ಹಿರಿಯರಿಗೆ ಕಾಣುವುದಿಲ್ಲ, ಕಾಗದದ ಫೋಟೋ ಕಳಿಸಿ ಎಂದಿದ್ದರು. ಅದನ್ನು ನೋಡಿ ತಂಗಿ ನಕ್ಕಳು.

"ಯಾರಕ್ಕಾ ಈಕಿ? ಇನ್ನೊಂದು ತೆಗಿ."

"ಇಂಕೇನು ನಿಮ್ಮಪ್ಪ ತಂದು ಹಾಕ್ತಾನೇನು?"

"ನಿಮ್ಮಪ್ಪ ಬ್ಯಾರೆ ಅದಾನೇನು ಮತ್ತ?"

ಇಬ್ಬರೂ ನಕ್ಕೆವು. ಫೋಟೋ ಹೋಯಿತು.

ಹೆಣ್ಣು ನೋಡಲು ಬಂದ ದಿನ ಹುಡುಗನ ತಾಯಿ ಬ್ಯಾಗಿನಿಂದ ಆ ಫೋಟೋ ತೆಗೆದು ತಂಗಿಯ ಕೆನ್ನೆಯ ಪಕ್ಕ ಹಿಡಿದರು, ಅಂಗಡಿಯಲ್ಲಿ ಸೀರೆಗೆ ಕುಬಸದ ಬಟ್ಟೆ ಹೊಂದಿಸುವ ಹಾಗೆ.

"ಫೋಟೋದಾಗ ಒಂದು ನಮೂನಿ, ಇಲ್ಲಿ ಒಂದು ನಮೂನಿ ಅದಾಳಲ್ರೀ?"

ಪ್ರಿಂಟ್ ತೆಗೆದವಳು ನಾನು, ಇಂಕು ಉಳಿಸಿದ್ದೆ ಎಂದು ಒಂದು ಮಾತು ಹೇಳಬಹುದಿತ್ತು. ಆದರೆ ಗಂಡಿನವರನ್ನು ನೋಡಲು ಬಂದ ಓಣಿಯವರು, ನನ್ನ ಗಿರಾಕಿಗಳೇ, ಬಾಗಿಲಲ್ಲಿ ನಿಂತಿದ್ದರು.

"ಬಿಸಿಲಿಗೆ ಕಪ್ಪಾಗ್ಯಾಳ್ರಿ. ಎರಡು ತಿಂಗಳು ನೆರಳಾಗ ಇದ್ರ ಸರಿಹೋಗ್ತಾಳ" ಎಂದೆ.

ತಂಗಿ ದಿನವಿಡೀ ಮನೆಯೊಳಗೆ ಹೊಲಿಗೆ ಯಂತ್ರದ ಮುಂದೆ ಕೂರುವವಳು. ತಲೆ ಎತ್ತಿದಳು.

"ಯಾವ ಬಿಸಿಲಕ್ಕಾ? ಹುಟ್ಟಿದಾಗಿಂದ ನಂದು ಇದೇ ಬಣ್ಣ ಐತ್ರಿ. ಬೆಳ್ಳಗಿರೋ ಸೊಸಿ ಬೇಕಂದ್ರ ಆ ಕಾಗದಾನ ಕರ್ಕೊಂಡು ಹೋಗ್ರಿ."

ಅವರು ಉಪ್ಪಿಟ್ಟು ಅರ್ಧಕ್ಕೇ ಬಿಟ್ಟು ಎದ್ದರು. ಸಂಬಂಧ ಮುರಿದದ್ದಕ್ಕೆ ನನಗೆ ಎಳ್ಳಷ್ಟೂ ದುಃಖವಿಲ್ಲ. ಕೆನ್ನೆಗೆ ಕಾಗದ ಹಿಡಿದು ನೋಡುವವರ ಮನೆ ನನ್ನ ತಂಗಿಗೆ ಬೇಕಾಗಿಯೂ ಇರಲಿಲ್ಲ. ಆದರೆ ಅವರು ಹೋದ ಮೇಲೆ ಅವಳು ಕೇಳಿದಳು: "ಅವ್ರು ಅಂದ್ರ ಅನ್ಲಿ. ಸರಿಹೋಗ್ತಾಳ ಅಂತ ನೀ ಹೆಂಗಂದಿ?"

ನಾನು ಉಪ್ಪಿಟ್ಟಿನ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದೆ.

ಡ್ರಾಫ್ಟ್ ಬಿಟ್ಟಿದ್ದೇನೆ. ಇಂಕು ಉಳಿಸಬೇಕೆಂದರೆ ಫೋಟೋದಲ್ಲಿ ಹಿಂದೆ ಕಾಣುವ ಗೋಡೆ ಅಳಿಸಿ ಬಿಳಿ ಮಾಡುತ್ತೇನೆ, ಅಳತೆ ಚಿಕ್ಕದು ಮಾಡುತ್ತೇನೆ. ಮುಖಕ್ಕೆ ಎಷ್ಟು ಬೇಕೋ ಅಷ್ಟು ಹೋಗಲೇಬೇಕು. "ಸ್ವಲ್ಪ ಬೆಳ್ಳಗ ಮಾಡ್ರೆಕ್ಕಾ" ಎಂದವರಿಗೆ, "ಆಗಂಗಿಲ್ಲ, ಹೆಂಗದೀರೋ ಹಂಗ ಬರ್ತೀರಿ" ಎನ್ನುತ್ತೇನೆ. ಸಿಟ್ಟಾಗಿ ಬೇರೆ ಕಡೆ ಹೋಗುತ್ತಾರೆ. ಹೋಗಲಿ.

ಮೊನ್ನೆ ಯಾವುದೋ ಅರ್ಜಿಗೆ ಫೋಟೋ ಬೇಕಾದಾಗ ತಂಗಿ ನನ್ನನ್ನು ಕೇಳಲಿಲ್ಲ. ಬಸ್ ಸ್ಟ್ಯಾಂಡ್ ಹತ್ತಿರದ ಸ್ಟುಡಿಯೋದಲ್ಲಿ ತೆಗೆಸಿಕೊಂಡು ಬಂದಳು. ಅವಳು ಕತ್ತರಿ ತರಲು ಒಳಗೆ ಹೋದಾಗ ಲಕೋಟೆ ಬಿಚ್ಚಿ ನೋಡಿದೆ. ಬಣ್ಣ ಸರಿಯಾಗಿತ್ತು.